ಒಬ್ಬ ವತನಾಬೆ ಕಡಿಮೆ

ಮಿತ್ಸುಯೊ ಹುಟ್ಟಿದ್ದು ವತನಾಬೆ ಮನೆಯಲ್ಲಿ, ಮದುವೆಯಾಗಿ ಬಂದದ್ದೂ ವತನಾಬೆ ಮನೆಗೆ. ಫುಜಿ ಬೆಟ್ಟದ ಬುಡದ ಆ ನೇಕಾರರ ಊರಿನಲ್ಲಿ ಇದೇನೂ ದೊಡ್ಡ ಸಂಗತಿಯಲ್ಲ. ಯಾವ ಗೇಟಿನ ಮೇಲೆ ನೋಡಿದರೂ ಅದೇ ಫಲಕ. ಹೊಸದಾಗಿ ಬಂದ ಅಂಚೆಯವನು ಮೊದಮೊದಲು ಅಳುಮುಖ ಮಾಡಿಕೊಂಡು ತಿರುಗುತ್ತಾನೆ. ಆಮೇಲೆ ಊರವರ ಹಾಗೆಯೇ ಮನೆಗಳ ಗುರುತು ಕಲಿತುಕೊಳ್ಳುತ್ತಾನೆ: ಕೆಳಸೇತುವೆ ಮನೆ, ಮಾಳಿಗೆ ಮನೆ, ಗಿರಣಿ ಮನೆ. ಮಿತ್ಸುಯೊಳದು ಗಿರಣಿ ಮನೆ. ಗಂಡನ ಅಜ್ಜನ ಕಾಲಕ್ಕೆ ಅಲ್ಲಿ ನೀರಿನ ಗಿರಣಿ ಇತ್ತಂತೆ. ಈಗ ಇರುವುದು ಅವಳ ಉದೋನ್ ಅಂಗಡಿ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ, ಉದ್ದಕ್ಕೆ ಹಾಕಿದ ಎರಡು ಮೇಜು, ಮಧ್ಯಾಹ್ನ ಮಾತ್ರ ತೆರೆಯುವ ಬಾಗಿಲು. ದಪ್ಪಗೆ, ಗಟ್ಟಿಗೆ ಕೊಯ್ದ ಉದೋನ್ ಶಾವಿಗೆ, ಮೇಲೆ ಬೇಯಿಸಿದ ಎಲೆಕೋಸು, ಕುದುರೆ ಮಾಂಸ, ಬೇಕೆಂದವರಿಗೆ ಮೆಣಸಿನಕಾಯಿ ಚಟ್ನಿ. ತಿಂದವರು ಬಟ್ಟಲು ತಾವೇ ತಂದಿಡಬೇಕು. ಇಡದವರನ್ನು ಮಿತ್ಸುಯೊ ಸುಮ್ಮನೆ ಬಿಡುವುದಿಲ್ಲ.

"ಮದುವೆಯಲ್ಲಿ ಮನೆ ಬದಲಾಯಿಸಿದೆ, ಹೆಸರು ಬದಲಾಯಿಸಲಿಲ್ಲ" ಎಂದು ಊರಿಗೆ ಬಂದ ಹೊಸ ಸೊಸೆಯರ ಮುಂದೆಲ್ಲ ಅವಳು ಹೇಳಿಕೊಳ್ಳುತ್ತಿದ್ದಳು. ಹೇಳುವ ಧಾಟಿ ನೋಡಿದರೆ ಅದು ಅವಳೇ ಕಷ್ಟಪಟ್ಟು ಸಾಧಿಸಿದ್ದು ಅನ್ನಬೇಕು. ಊರಿನ ಗಂಡುಗಳಲ್ಲಿ ಯಾರ ಮೇಲೆ ಕಲ್ಲೆಸೆದರೂ ವತನಾಬೆಗೇ ತಗಲುವಾಗ ಅವಳ ಸಾಧನೆ ಏನು ಬಂತು!

ಆ ಹೆಸರಿನ ಅರ್ಥ ದೋಣಿ ಕಡವಿನ ದಡ ಎಂದು. ದೂರದ ಪಶ್ಚಿಮದಲ್ಲಿ, ನದಿ ಸಮುದ್ರ ಸೇರುವ ಕಡೆ, ಹಾಗೊಂದು ಜಾಗವಿತ್ತು. ಅಲ್ಲಿ ದೋಣಿಗಳ ಮೇಲೆ ಬದುಕಿದ ಕಾದಾಳುಗಳು ಜಾಗದ ಹೆಸರನ್ನೇ ಮನೆತನದ ಹೆಸರು ಮಾಡಿಕೊಂಡರು. ಅವರಲ್ಲೊಬ್ಬ, ಸಾವಿರ ವರ್ಷದ ಹಿಂದೆ, ರಾಜಧಾನಿಯಲ್ಲಿ ಕೊಂಬಿನ ರಾಕ್ಷಸನೊಬ್ಬನ ತೋಳು ಕಡಿದುಹಾಕಿದನಂತೆ. ಅವತ್ತಿನಿಂದ ರಾಕ್ಷಸರು ಆ ಹೆಸರಿನ ಮನೆಯ ಹತ್ತಿರ ಸುಳಿಯುವುದಿಲ್ಲ. ಹಾಗಾಗಿಯೇ ಫೆಬ್ರವರಿ ಮೊದಲಲ್ಲಿ, ಚಳಿಗಾಲ ಮುಗಿಯುವ ಸಂಜೆ, ದೇಶಕ್ಕೆ ದೇಶವೇ ಹುರಿದ ಸೋಯಾ ಕಾಳು ಎರಚಿ "ರಾಕ್ಷಸ ಹೊರಗೆ, ಭಾಗ್ಯ ಒಳಗೆ" ಎಂದು ಕೂಗುವಾಗ ವತನಾಬೆಗಳು ಕಾಲು ಚಾಚಿ ಟಿ.ವಿ. ನೋಡುತ್ತಾರೆ. ದೋಣಿಯವರು ದೋಣಿಯೇ ಇಲ್ಲದ ಈ ಬೆಟ್ಟದ ಬುಡಕ್ಕೆ ಹೇಗೆ ಬಂದರು ಎಂದು ಕೇಳಿದರೆ ಒಬ್ಬೊಬ್ಬ ಮುದುಕ ಒಂದೊಂದು ಕಥೆ ಹೇಳುತ್ತಾನೆ. ಮಿತ್ಸುಯೊಳ ಅಪ್ಪ ಮಾತ್ರ, "ಎಲ್ಲರಿಗೂ ಮನೆತನದ ಹೆಸರು ಇರಲೇಬೇಕು ಅಂತ ಸರ್ಕಾರ ಆಜ್ಞೆ ಮಾಡಿತಲ್ಲ, ಆಗ ನಮ್ಮೋರು ಪಕ್ಕದ ಮನೆಯವರದ್ದನ್ನೇ ತಗೊಂಡ್ರು, ಅಷ್ಟೇ" ಎನ್ನುತ್ತಿದ್ದ. ಅವನ ಮಾತೇ ನಿಜವಿದ್ದೀತು. ರಾಕ್ಷಸರು ಅಷ್ಟೆಲ್ಲ ವಿಚಾರಿಸಲು ಹೋಗುವುದಿಲ್ಲ.

ಮಿತ್ಸುಯೊಳ ಗಂಡ ತೀರಿಹೋಗಿದ್ದ. ಇದ್ದವನು ಒಬ್ಬನೇ ಮಗ, ಯಸುತೊ. ಬೆಳಿಗ್ಗೆ ಅಂಗಡಿಯ ಶಾವಿಗೆ ಹಿಟ್ಟನ್ನು ಕಾಲಲ್ಲಿ ತುಳಿದು ಹದಮಾಡಿ, ಆಮೇಲೆ ಕೊಡೆ ಬಟ್ಟೆ ನೇಯುವ ಕಾರ್ಖಾನೆಗೆ ಹೋಗುತ್ತಿದ್ದ. ಅದೇ ಕಾರ್ಖಾನೆಯಲ್ಲಿ ಬಟ್ಟೆಗೆ ಹೂಬಳ್ಳಿ ಬಿಡಿಸುವ ಚಿನಾಮಿ ಎಂಬ ಹುಡುಗಿಯನ್ನು ಮೆಚ್ಚಿದ್ದ. ಮೆತ್ತಗೆ ಮಾತಾಡುವ ಹುಡುಗಿ. ಎರಡು ಸಲ ಕೇಳಿದರೆ ಒಂದು ಸಲ ಉತ್ತರ. ಮಿತ್ಸುಯೊಗೆ ಅವಳ ಮೇಲೆ ಯಾವ ದೂರೂ ಇರಲಿಲ್ಲ, ಹೊಸ ವರ್ಷದ ಅಕ್ಕಿಯುಂಡೆ ಸಾರು ಉಣ್ಣುತ್ತ ಮಗ ಬಾಯಿ ಬಿಡುವ ತನಕ.

"ಅಮ್ಮಾ, ಚಿನಾಮಿ ಅಪ್ಪ ಒಂದು ಮಾತು ಕೇಳಿದ್ದಾರೆ. ಮದುವೆ ಆದ್ಮೇಲೆ ನಾನು ಅವರ ಮನೆತನದ ಹೆಸರು ತಗೋಬಹುದಾ ಅಂತ."

ಆ ದೇಶದ ಕಾನೂನಿನಲ್ಲಿ ಗಂಡ ಹೆಂಡತಿಗೆ ಒಂದೇ ಹೆಸರು. ಯಾರದ್ದಾದರೂ ಒಬ್ಬರದ್ದು ಹೋಗಬೇಕು. ಹೋಗುವುದು ಹೆಣ್ಣಿನದ್ದೇ, ಅದರ ಬಗ್ಗೆ ಯಾರೂ ಮಾತಾಡಲೂ ಹೋಗುವುದಿಲ್ಲ.

"ಏನಂತೆ ಅವರ ಹೆಸರು?" ಮಿತ್ಸುಯೊ ಕೇಳಿದಳು, ಗೊತ್ತಿದ್ದೂ.

"ಕಿತೋ."

"ರಾಕ್ಷಸನ ತಲೆ!" ಆ ಹೆಸರಿನ ಅರ್ಥ ಅದೇ. "ವತನಾಬೆ ಹೊಟ್ಟೇಲಿ ಹುಟ್ಟಿ ರಾಕ್ಷಸನ ತಲೆ ಹೊತ್ಕೋತೀಯೇನೋ?"

"ಅವರ ವಂಶದಲ್ಲಿ ಉಳಿದಿರೋದು ಅಪ್ಪ ಮಗಳು ಇಬ್ಬರೇ ಅಂತೆ. ನಾವು ಊರು ತುಂಬ ಇದ್ದೀವಲ್ಲಮ್ಮ."

"ಊರು ತುಂಬ ಇರೋರೆಲ್ಲ ನಾನು ಹೆತ್ತೋರಾ? ನನಗಿರೋನು ನೀನೊಬ್ಬನೇ ಕಣೋ."

ಯಸುತೊ ಬಟ್ಟಲು ಕೆಳಗಿಟ್ಟ. "ಸರಿ. ನೀನು ಬೇಡ ಅಂದ್ರೆ ಬೇಡ. ಚಿನಾಮೀನೇ ವತನಾಬೆ ಆಗ್ತಾಳೆ. ಅವಳೂ ಹಾಗೇ ಅಂದಿದ್ದಾಳೆ. ನಿನ್ನ ಮಾತೇ ಕೊನೆ."

ಜಗಳವಾಡಿದ್ದರೆ ಮಿತ್ಸುಯೊಗೆ ಸುಲಭವಾಗುತ್ತಿತ್ತು. ಹೀಗೆ ಎಲ್ಲವನ್ನೂ ಅವಳ ಉಡಿಗೆ ಹಾಕಿ ಅವನು ಹೊರಗೆ ಹೊರಟುಬಿಟ್ಟ. ತಿಂಗಳೆಲ್ಲ ಅವಳು ಅದನ್ನೇ ಮೆಲುಕು ಹಾಕಿದಳು. ಕೊನೆಗೆ, ಆ ಮನುಷ್ಯನ ಮುಖಕ್ಕೆ ಮುಖ ಕೊಟ್ಟೇ ಆಗುವುದಿಲ್ಲ ಎಂದುಬಿಡೋಣ ಎಂದು ತೀರ್ಮಾನಿಸಿ, ಊಟಕ್ಕೆ ಬನ್ನಿ ಎಂದು ಮಗನ ಕೈಲಿ ಹೇಳಿ ಕಳಿಸಿದಳು. ಕ್ಯಾಲೆಂಡರಿನಲ್ಲಿ ಕೈಗೆ ಸಿಕ್ಕ ಒಂದು ಖಾಲಿ ದಿನ ತೋರಿಸಿದ್ದಳು.

ಆ ದಿನ ಮಧ್ಯಾಹ್ನ ಅಂಗಡಿ ತುಂಬಿತ್ತು. ಒಲೆಯ ಹಬೆಯಲ್ಲಿ ಕನ್ನಡಕ ಒರೆಸಿಕೊಳ್ಳುತ್ತ ಕೆಳಸೇತುವೆ ಮನೆಯ ಮುದುಕ ಇಸಾವೊ ಕೇಳಿದ. ಪಕ್ಕದ ಬೇಲಿಯವನು, ಬೀದಿಯ ಸುದ್ದಿಯೆಲ್ಲ ಅವನ ಬಾಯಲ್ಲೇ.

"ಏನಕ್ಕಾ, ಇವತ್ತು ಬೀಗರು ಬರ್ತಾರಂತೆ. ಇವತ್ತು ಯಾವ ದಿನ ಅಂತ ಗೊತ್ತಾ?"

"ಯಾವ ದಿನ? ಬುಧವಾರ."

"ಕಾಳೆರಚೋ ದಿನ ಕಣಕ್ಕಾ! ರಾಕ್ಷಸನ ತಲೆಯವರನ್ನ ರಾಕ್ಷಸರನ್ನ ಓಡಿಸೋ ದಿನವೇ ಊಟಕ್ಕೆ ಕರೆದಿದ್ದೀಯಲ್ಲ, ಅದೂ ವತನಾಬೆ ಮನೆಗೆ! ನಿನ್ನ ಧೈರ್ಯ ದೊಡ್ಡದು."

ಮೇಜಿನವರೆಲ್ಲ ನಕ್ಕರು. ಮಿತ್ಸುಯೊ ಕ್ಯಾಲೆಂಡರಿನ ಕಡೆ ತಿರುಗಿ ನೋಡಿದಳು. ಹುಟ್ಟಿದಾಗಿನಿಂದ ಕಾಳು ಎರಚದವಳಿಗೆ ಆ ದಿನ ನೆನಪಿರುವುದಾದರೂ ಹೇಗೆ? ಬೇರೆ ಯಾವ ಹೆಸರಿನವಳೂ ಇಂಥ ತಪ್ಪು ಮಾಡುತ್ತಿರಲಿಲ್ಲ. "ಬಟ್ಟಲು ತಂದಿಡು, ಮಾತು ಸಾಕು" ಎಂದು ಗದರಿದಳು.

ಅಷ್ಟರಲ್ಲಿ ಗೇಟಿನ ಹತ್ತಿರ ಚಿನಾಮಿ ಕಾಣಿಸಿದಳು. ಹಿಂದೆ ಕುಳ್ಳನೆಯ, ಅಗಲ ಭುಜದ ಮನುಷ್ಯ. ಅವಳ ಅಪ್ಪ ಕಿತೋ ಮೊರಿಯೊ, ಮನೆ ಮಾಡಿನ ತುದಿಗೆ ಕೂರಿಸುವ ರಾಕ್ಷಸ ಮುಖದ ಹೆಂಚು ಮಾಡುವವನು. ಅವನು ಫಲಕ ಓದಿ ಅಲ್ಲೇ ನಿಂತ.

"ವತನಾಬೆಯವರ ಮನೆ. ನಾನು ಒಳಗೆ ಬರಬಹುದೇನಮ್ಮಾ? ತೋಳು ಉಳಿಯುತ್ತೆ ತಾನೇ?"

ನಗಬಾರದು ಎಂದುಕೊಂಡಿದ್ದ ಮಿತ್ಸುಯೊಗೆ ನಗು ತಡೆಯಲಾಗಲಿಲ್ಲ. "ಬನ್ನಿ ಬನ್ನಿ. ತರಕಾರಿ ಹೆಚ್ಚೋ ಚಾಕು ಬಿಟ್ರೆ ನಮ್ಮನೇಲಿ ಬೇರೆ ಆಯುಧ ಇಲ್ಲ."

ಅವನು ಮೆಣಸಿನಕಾಯಿ ಚಟ್ನಿ ಧಾರಾಳವಾಗಿ ಹಾಕಿಕೊಂಡು ಎರಡು ಬಟ್ಟಲು ಖಾಲಿ ಮಾಡಿದ. "ಈ ಶಾವಿಗೆ ಅಗಿಯೋಕೆ ಹೆಂಚಿನವನ ದವಡೇನೇ ಬೇಕು" ಎಂದ. ಬಟ್ಟಲನ್ನು ಹೇಳಿಸಿಕೊಳ್ಳದೆ ತಾನೇ ಒಯ್ದಿಟ್ಟ. ಮಿತ್ಸುಯೊಗೆ ಕಿರಿಕಿರಿಯಾಯಿತು. ಬೇಡ ಎನ್ನಬೇಕಾದ ಮನುಷ್ಯ ಇಷ್ಟು ಒಳ್ಳೆಯವನಾಗಿರಬಾರದು.

ಹೊರಡುವ ಮುಂಚೆ ಇಸಾವೊ ಚಿನಾಮಿಯ ಕಡೆ ತಿರುಗಿದ. "ಬೇಗ ವತನಾಬೆ ಚಿನಾಮಿ ಆಗಿಬಿಡಮ್ಮಾ. ಮೇಲೆ ಕಾಳಿನ ಖರ್ಚೂ ಉಳಿಯುತ್ತೆ."

"ಹೌದಲ್ವಾ" ಎಂದು ಚಿನಾಮಿ ನಕ್ಕಳು. ಆಮೇಲೆ, ನಾಳೆಯ ಹಿಟ್ಟು ತುಳಿದಿಡುತ್ತೇನೆ ಎಂದು ಯಾರೂ ಕೇಳದಿದ್ದರೂ ಅಡುಗೆಮನೆಗೆ ಹೋದಳು.

ಅಂಗಡಿ ಮುಚ್ಚಿ, ಮಿತ್ಸುಯೊ ಒಳಗಿನ ಕೋಣೆಯಲ್ಲಿ ಕಾಲಿಗೆ ಕಾವು ಕೊಡುವ ಕಂಬಳಿ ಮೇಜಿನ ಮುಂದೆ ಅವನನ್ನು ಕೂರಿಸಿದಳು. ಚಹ ಬಗ್ಗಿಸಿದಳು. ತಿಂಗಳಿಂದ ಕಟ್ಟಿಟ್ಟ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದಕ್ಕೆ ಮುಂಚೆ ಅವನೇ ಹಿಂದೆ ಸರಿದು, ಎರಡೂ ಕೈ ಚಾಪೆಗೆ ಊರಿ ತಲೆ ಬಾಗಿಸಿದ.

"ಅಮ್ಮಾ, ಹೆಸರಿನ ವಿಷಯ ನಾನು ಕೇಳಬಾರದಿತ್ತು. ಅವತ್ತು ಒಂದೆರಡು ಬಟ್ಟಲು ಜಾಸ್ತಿ ಕುಡಿದಿದ್ದೆ. ಬಾಯಿ ಜಾರಿತು. ಒಬ್ಬನೇ ಮಗ ಇರೋರ ಹತ್ರ ಅಂಥ ಮಾತು ಆಡ್ತಾರಾ? ಮರೆತುಬಿಡಿ. ನನ್ನ ಮಗಳು ನಿಮ್ಮ ಹೆಸರಿಗೇ ಬರ್ತಾಳೆ."

ಮಿತ್ಸುಯೊ ಕೈಲಿದ್ದ ಚಹದ ಬಟ್ಟಲು ಕೆಳಗಿಟ್ಟಳು. ಗೆದ್ದಾಯಿತು, ಒಂದು ಕೆಟ್ಟ ಮಾತೂ ಆಡದೆ. "ಅಯ್ಯೋ, ಏಳಿ ಏಳಿ. ಅದಕ್ಕೇನಂತೆ" ಎಂದಳು. ಸಂತೋಷವಾಗಬೇಕಿತ್ತು. ಅಡುಗೆಮನೆಯಲ್ಲಿ ಹಿಟ್ಟು ತುಳಿಯುವ ಸದ್ದು ನಿಂತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು, ಮೊದಲಿಗಿಂತ ನಿಧಾನವಾಗಿ.

ಆಮೇಲೆ ಅವರು ಮಂಡಿನೋವಿನ ಮಾತಾಡಿದರು, ಹೆಂಚಿಗೆ ಈಗ ಗಿರಾಕಿ ಇಲ್ಲದ ಮಾತಾಡಿದರು. ಬೆಟ್ಟದ ಹಿಂದೆ ಬಿಸಿಲು ಇಳಿಯುತ್ತಿದ್ದ ಹಾಗೆ ಮೊರಿಯೊ ಕಿಟಕಿಯ ಕಡೆ ನೋಡುವುದು, ಕೂತಲ್ಲೇ ಮಿಸುಕುವುದು ಮಾಡತೊಡಗಿದ.

"ರೈಲಿಗೆ ತಡವಾಯ್ತಾ?" ಮಿತ್ಸುಯೊ ಕೇಳಿದಳು.

"ಇಲ್ಲಮ್ಮ. ನಗಬೇಡಿ. ಈ ಹೊತ್ತಿಗೆ ನಮ್ಮನೇಲಿ ಬಾಗಿಲು ತೆಗೆದಿಡ್ತೀವಿ. ಎಲ್ಲರೂ ಕಾಳು ಎರಚಿ ಓಡಿಸ್ತಾರಲ್ಲ, ಪಾಪ, ಅವರು ಎಲ್ಲಿಗೆ ಹೋಗಬೇಕು? ನಮ್ಮ ಹೆಸರಲ್ಲೇ ರಾಕ್ಷಸರಿದ್ದಾರೆ, ನಮ್ಮ ಅನ್ನಾನೂ ಅವರ ಮುಖದಿಂದಲೇ. ಅದಕ್ಕೆ, ಒಳಗೆ ಬನ್ನಿ ಅಂತ ಕರೀತೀವಿ. ನಮ್ಮಜ್ಜ ಕರೀತಿದ್ದ, ಅಪ್ಪ ಕರೀತಿದ್ದ. ಈ ವರ್ಷ ಮನೆಗೆ ಬೀಗ ಹಾಕಿ ಬಂದಿದ್ದೀನಿ."

"ಅಯ್ಯೋ ದೇವರೇ! ಮೊದಲೇ ಹೇಳಬಾರದಿತ್ತಾ? ದಿನ ಬದಲಾಯಿಸ್ತಿದ್ದೆನಲ್ಲ."

"ನೀವು ಪ್ರೀತಿಯಿಂದ ಕರೆದ ದಿನ. ಬೇಡ ಅನ್ನೋದು ಹೇಗೆ?"

ಪ್ರೀತಿಯಿಂದ! ಮಿತ್ಸುಯೊಗೆ ಮುಖ ಎಲ್ಲಿಡಲಿ ಎನ್ನಿಸಿತು. ಕರೆದದ್ದು ಎದುರಿಗೆ ಕೂರಿಸಿಕೊಂಡು ಇಲ್ಲ ಎನ್ನಲಿಕ್ಕೆ. ಆ ಮನುಷ್ಯ ಮನೆಯ ಬಾಗಿಲು ಮುಚ್ಚಿ, ಮೂರು ರೈಲು ಬದಲಾಯಿಸಿ, ಕ್ಷಮೆ ಕೇಳಲು ಬಂದಿದ್ದ.

"ಹಿತ್ತಲಿಗೆ ಹೋಗಿ ಕರೀರಿ" ಎಂದಳು.

"ವತನಾಬೆ ಮನೇಲಾ? ಬರ್ತಾರಾ ಅವರು?"

"ಬರೋದು ಬಿಡೋದು ಅವರಿಷ್ಟ. ನೀವು ಕರೀರಿ."

ಅವನು ಹಿತ್ತಲ ಬೇಲಿಯಾಚೆ, ಹಿಮ ಗಟ್ಟಿಯಾಗಿದ್ದ ಕಾಲುದಾರಿಯಲ್ಲಿ ನಿಂತ. ಬೀಗರ ಮನೆಯೆಂಬ ಸಂಕೋಚಕ್ಕೆ ಗಂಟಲೊಳಗೇ ಏನೋ ಗೊಣಗಿದ. ಚಿನಾಮಿ ಕಾಲಿಗಂಟಿದ ಹಿಟ್ಟನ್ನೂ ಒರೆಸಿಕೊಳ್ಳದೆ ಚಪ್ಪಲಿ ಮೆಟ್ಟಿ ಹೋಗಿ ಅವನ ಪಕ್ಕ ನಿಂತಳು. ಮಿತ್ಸುಯೊ ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದಳು.

"ರಾಕ್ಷಸರೇ, ಒಳಗೆ ಬನ್ನಿ! ಕಿತೋ ಮನೆಯವರು ಇಲ್ಲಿದ್ದೀವಿ!"

ಕೂಗಿದ್ದು ಚಿನಾಮಿ. ಹೊಟ್ಟೆಯಾಳದಿಂದ, ತಲೆ ಮೇಲೆತ್ತಿ. ಈ ಮನೆಯಲ್ಲಿ ಒಂದು ವರ್ಷದಿಂದ ಹೌದಮ್ಮ, ಇಲ್ಲಮ್ಮ ಎಂದು ಪಿಸುಗುಟ್ಟಿದವಳಿಗೆ ಇಂಥ ದನಿ ಇದೆಯೆಂದು ಮಿತ್ಸುಯೊಗೆ ಗೊತ್ತೇ ಇರಲಿಲ್ಲ. ಮತ್ತೊಮ್ಮೆ ಕೂಗಿದಳು. ನಾಯಿಗಳು ಬೊಗಳಿದವು. ಮೂರನೆಯ ಸಲಕ್ಕೆ "ಕಿತೋ" ಎನ್ನುವಲ್ಲಿ ದನಿ ಒಡೆಯಿತು. ಅಪ್ಪ ಅವಳ ಬೆನ್ನ ಮೇಲೆ ಕೈಯಿಟ್ಟ. ಅವಳು ತೋಳಿನಿಂದ ಕಣ್ಣೊರೆಸಿಕೊಂಡಳು.

ಮಿತ್ಸುಯೊ ಸೌಟು ಕೆಳಗಿಟ್ಟು ಹಿತ್ತಲಿಗೆ ಬಂದಳು.

"ಚಿನಾಮಿ, ಇಲ್ಲಿ ಬಾ. ಸುಳ್ಳು ಹೇಳಬೇಡ. ನಿಮ್ಮಪ್ಪ ಅವತ್ತು ನಿಜವಾಗ್ಲೂ ಕುಡಿದಿದ್ರಾ?"

ಹುಡುಗಿ ಅಪ್ಪನನ್ನು ನೋಡಿದಳು. ಅವನು ಬೇಡ ಎಂಬಂತೆ ತಲೆಯಾಡಿಸಿದ.

"ಅಪ್ಪ ಕುಡಿಯೋದೇ ಇಲ್ಲಮ್ಮ. ನಾನೇ ಕೇಳಿಸಿದ್ದು. ಅಪ್ಪ ಬೇಡ ಬೇಡ ಅಂದ್ರು. ಹುಡುಗಿ ಬಾಯಲ್ಲಿ ನನ್ನ ಹೆಸರು ನನಗೆ ಬೇಕು ಅಂತ ಬಂದ್ರೆ ಏನಂತಾರೆ ಅಂತ ಹೆದರಿಕೆ ಆಯ್ತು. ಅಪ್ಪ ಕೇಳಿದ್ರೆ ವಂಶದ ಮಾತು ಅಂತ ಆಗುತ್ತಲ್ಲ."

"ವಂಶದ ಮಾತಲ್ವಾ ಹಾಗಾದ್ರೆ?"

"ಅದೂ ಇದೆ. ಆದ್ರೆ..." ಚಿನಾಮಿ ತನ್ನ ಹಿಟ್ಟು ಮೆತ್ತಿದ ಕಾಲನ್ನೇ ನೋಡುತ್ತ ನಿಂತಳು. "ಚಿಕ್ಕೋಳಿದ್ದಾಗ ಕ್ಲಾಸಿನ ಮಕ್ಕಳೆಲ್ಲ ನನ್ನ ಮೇಲೆ ಕಾಳು ಎರಚ್ತಿದ್ರು, ರಾಕ್ಷಸಿ ಅಂತ. ಆಗ ಅತ್ತು ಅತ್ತು ಸಾಕಾಗಿ, ಒಂದಿನ, ಹೌದು ರಾಕ್ಷಸೀನೇ ಅಂತ ಎದ್ದು ನಿಂತೆ. ಅವತ್ತಿಂದ ಅದು ನಂದು ಅನ್ನಿಸಿಬಿಟ್ಟಿದೆ. ಬಿಡೋಕೆ ಆಗ್ತಿಲ್ಲಮ್ಮ. ಆದ್ರೂ ಬಿಡ್ತೀನಿ. ಎಲ್ಲರೂ ಬಿಡ್ತಾರಲ್ಲ."

ಎಲ್ಲರೂ ಬಿಡುತ್ತಾರೆ. ಮಿತ್ಸುಯೊ ಬಿಟ್ಟಿರಲಿಲ್ಲ. ತನ್ನ ಅಂಗಡಿಗೆ ಬಂದ ಹೊಸ ಸೊಸೆಯರ ಮುಖಗಳು ಅವಳ ಕಣ್ಣ ಮುಂದೆ ಬಂದವು. ಮನೆ ಬದಲಾಯಿಸಿದೆ, ಹೆಸರು ಬದಲಾಯಿಸಲಿಲ್ಲ ಎಂದು ಅವಳು ಜಂಬ ಕೊಚ್ಚಿದಾಗ ಆ ಹುಡುಗಿಯರು ನಗುತ್ತಿದ್ದರು, ಈ ಮಧ್ಯಾಹ್ನ ಚಿನಾಮಿ ನಕ್ಕ ಹಾಗೆ. ಒಂದು ದಿನವೂ ತಾನು ಕೊಟ್ಟಿಲ್ಲದ್ದನ್ನು ಈ ಹುಡುಗಿಯಿಂದ ಕೇಳಿ ತೆಗೆದುಕೊಂಡು, ಗೆದ್ದೆ ಎಂದುಕೊಂಡಿದ್ದಳಲ್ಲ.

"ಬಿಡಬೇಡ" ಎಂದಳು.

"ಅಮ್ಮಾ?"

"ಬಿಡಬೇಡ ಅಂದೆ. ನಿನ್ನದು ನೀನಿಟ್ಕೋ. ಅವನು ಬಿಡ್ಲಿ."

ಮೊರಿಯೊ ಗಾಬರಿಯಿಂದ ಮುಂದೆ ಬಂದ. "ಬೇಡಮ್ಮಾ, ಬೇಡ. ಒಬ್ಬನೇ ಮಗ. ನನಗೆ ಪಾಪ ಸುತ್ತಿಕೊಳ್ಳುತ್ತೆ."

"ನೀವು ಸುಮ್ನಿರಿ. ಕುಡೀದೇನೇ ಕುಡಿದೆ ಅನ್ನೋರ ಮಾತು ನಾನು ಕೇಳಲ್ಲ. ಹೋಗೋದು ಹೆಸರು, ಮಗ ಅಲ್ಲ. ನಾಳೆ ಬೆಳಿಗ್ಗೆ ಹಿಟ್ಟು ತುಳಿಯೋಕೆ ಅವನು ಇಲ್ಲೇ ಇರ್ತಾನೆ." ದನಿ ಜೋರಾಗಿಯೇ ಇತ್ತು. ಒಳಗೆ ಮಾತ್ರ ಯಾರೋ ಬೇರು ಹಿಡಿದು ಜಗ್ಗಿದ ಹಾಗೆ ನೋಯುತ್ತಿತ್ತು.

ಬೇಲಿಯ ಮೇಲೆ ಇಸಾವೊನ ಟೊಪ್ಪಿಗೆ ಕಾಣಿಸಿತು. "ಏನಕ್ಕಾ ಇದು, ವತನಾಬೆ ಹಿತ್ತಲಲ್ಲಿ ರಾಕ್ಷಸರಿಗೆ ಔತಣ!"

ಈಗ ಹೇಳದಿದ್ದರೆ ನಾಳೆ ತನ್ನ ಮನಸ್ಸು ತಿರುಗೀತು ಎಂದು ಮಿತ್ಸುಯೊಗೆ ಗೊತ್ತಿತ್ತು. ಇಸಾವೊಗೆ ಹೇಳಿದರೆ ಊರಿಗೆ ಹೇಳಿದ ಹಾಗೆ. "ಕೇಳಿಸ್ಕೋ. ನಮ್ಮ ಯಸುತೊ ಕಿತೋ ಆಗ್ತಾನೆ."

ಮುದುಕ ಬೆಚ್ಚಿಬಿದ್ದ. "ಒಬ್ಬ ವತನಾಬೆ ಕಡಿಮೆ ಆದ್ನಲ್ಲಕ್ಕಾ!"

"ಆಗ್ಲಿ ಬಿಡು. ನಮ್ಮಲ್ಲಿ ಯಾರು ಎಣಿಸ್ತಾರೆ? ಅವರಲ್ಲಿ ಎಣಿಸೋಕೆ ಒಬ್ಬನಾದ್ರೂ ಬೇಕಲ್ಲ."

ಯಸುತೊ ಸೈಕಲ್ ಒರಗಿಸಿ ಒಳಗೆ ಬಂದಾಗ ಒಲೆ ಮತ್ತೆ ಉರಿಯುತ್ತಿತ್ತು. ಮಿತ್ಸುಯೊ ಸುತ್ತಿಬಳಸದೆ ಹೇಳಿದಳು. ಅವನು ಹಿಗ್ಗಲಿಲ್ಲ. ಕೋಟು ಕಳಚುತ್ತಿದ್ದ ಕೈ ತೋಳಿನಲ್ಲೇ ನಿಂತಿತು.

"ನಿಜವಾಗ್ಲೂನಾ ಅಮ್ಮಾ? ಅಪ್ಪ ಇದ್ದಿದ್ರೆ ಏನಂತಿದ್ರೋ."

"ನಿಮ್ಮಪ್ಪ ಒಂದು ವಾರ ಮಾತು ಬಿಡ್ತಿದ್ರು. ಆಮೇಲೆ ಹಸಿವಾಗ್ತಿತ್ತು."

ಅವನು ನಗಲು ಹೋಗಿ ಆಗದೆ ಕಿಟಕಿಯ ಕಡೆ ತಿರುಗಿಕೊಂಡ. ಹೆಸರು ಬಿಟ್ಟುಕೊಡುವುದು ಸುಲಭ ಎಂದುಕೊಂಡಿದ್ದನೇನೋ, ಪಾಪ. ಚಿನಾಮಿ ಎದ್ದು ಅವನ ಹತ್ತಿರ ಹೋಗಬೇಕೋ ಬೇಡವೋ ಎಂದು ತಿಳಿಯದೆ ಅಪ್ಪನ ಪಕ್ಕದಲ್ಲೇ ಕೂತಿದ್ದಳು. ಹಂಡೆಯಲ್ಲಿ ಶಾವಿಗೆ ಕುದಿಯುತ್ತಿತ್ತು.

ಮಿತ್ಸುಯೊ ನಾಲ್ಕು ಬಟ್ಟಲಿಗೆ ಬಡಿಸಿದಳು. ಮಗನ ಹೊಸ ಹೆಸರನ್ನು ಊರವರ ಬಾಯಿಂದ ಮೊದಲು ಕೇಳುವುದು ತನ್ನಿಂದಾಗದು, ಕರೆಯುವುದಾದರೆ ತಾನೇ ಮೊದಲು ಕರೆಯಬೇಕು ಎನ್ನಿಸಿತು.

"ಕಿತೋ ಅವರೇ, ಊಟಕ್ಕೆ ಬನ್ನಿ."

ಅಪ್ಪ, ಮಗಳು ಇಬ್ಬರೂ ತಲೆಯೆತ್ತಿದರು. ಯಸುತೊ ಕಿಟಕಿಯ ಕಡೆಯೇ ನಿಂತಿದ್ದ. ಅವನಿಗೆ ತನ್ನನ್ನು ಕರೆದದ್ದು ಎಂದು ಹೊಳೆದಿರಲಿಲ್ಲ. ಮಿತ್ಸುಯೊಳ ಕಣ್ಣು ತುಂಬಿತು, ಆದರೂ ಅವಳು ಸೌಟು ಹಿಡಿದುಕೊಂಡೇ ಇನ್ನೊಮ್ಮೆ, ಸ್ವಲ್ಪ ಜೋರಾಗಿ ಕರೆದಳು.

"ಕಿತೋ ಯಸುತೊ!"

ಅವನು ತಿರುಗಿದ. ಅಮ್ಮನ ಮುಖ ನೋಡಿದ.

"ಹಾಂ ಅಮ್ಮಾ" ಎಂದ.